ಬೈಕ್ ಟೈರ್ ಎಷ್ಟು ಸಾವಿರ ಬರುತ್ತೆ? ಅಳೆದು ತಿಳಿಯುವ ವಿಧಾನ

ಟೈರ್ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು "ಎಷ್ಟು ಸಾವಿರ ಬರುತ್ತೆ?" ಅಂತ. ಅಂಗಡಿಯವರು "ಮೂವತ್ತಕ್ಕೆ ಮೋಸ ಇಲ್ಲ ಸಾರ್" ಅನ್ನುತ್ತಾರೆ. ಅದೇ ಟೈರ್ ಒಬ್ಬರಿಗೆ ನಿಜವಾಗಿ 30 ಸಾವಿರ ಕಿ.ಮೀ. ಬಂದಿರುತ್ತದೆ, ಪಕ್ಕದ ಮನೆಯವರಿಗೆ 11 ಸಾವಿರಕ್ಕೇ ಬೋಳಾಗಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಟೈರ್ ಬಾಳಿಕೆಯನ್ನು ತೀರ್ಮಾನಿಸುವುದು ಗೆರೆಯ ಆಳ, ರಬ್ಬರ್‌ನ ವಯಸ್ಸು, ಒಳಗಿನ ಗಾಳಿ. ಗಾಡಿಯ ಮೀಟರ್ ಇವುಗಳಲ್ಲಿ ಒಂದನ್ನೂ ತೋರಿಸುವುದಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ಟೈರ್‌ನ ಗೆರೆಗೇ "ಗ್ರಿಪ್" ಅನ್ನುವ ರೂಢಿ ಇದೆ. "ಇನ್ನೂ ಗ್ರಿಪ್ ಇದೆ, ಓಡಿಸಬಹುದು" ಎಂದರೆ ಗೆರೆ ಕಾಣುತ್ತಿದೆ ಎಂದಷ್ಟೇ ಅರ್ಥ. ರಸ್ತೆಯನ್ನು ಹಿಡಿಯುವುದು ಮಾತ್ರ ಗೆರೆಯಲ್ಲ, ರಬ್ಬರ್. ಒಣ ಟ್ರ್ಯಾಕ್‌ನಲ್ಲಿ ಓಡುವ ರೇಸ್ ಬೈಕಿನ ಟೈರ್‌ನಲ್ಲಿ ಒಂದು ಗೆರೆಯೂ ಇರುವುದಿಲ್ಲ. ಗೆರೆ ಇರುವುದು ನೀರನ್ನು ಪಕ್ಕಕ್ಕೆ ತಳ್ಳಲು. ಹಾಗಾಗಿ ಟೈರ್ ಕೆಲಸಕ್ಕೆ ಬಾರದಂತಾಗುವುದು ಎರಡು ರೀತಿ: ಗೆರೆ ಸವೆದು ಮಳೆಯಲ್ಲಿ ಜಾರುವುದು ಒಂದು, ಗೆರೆ ತುಂಬಾ ಇದ್ದರೂ ರಬ್ಬರ್ ಗಟ್ಟಿಯಾಗಿ ಬಿಸಿಲಲ್ಲೂ ಜಾರುವುದು ಇನ್ನೊಂದು. ಮನೆಯಲ್ಲಿ ನಿಂತೇ ಇರುವ ಗಾಡಿಗಳ ಟೈರ್ ಹಾಳಾಗುವುದು ಎರಡನೆಯ ರೀತಿಯಲ್ಲಿ.

ಟೈರ್ ಪಕ್ಕದ ಬರಹ ಓದುವುದು

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಟೈರ್ ಪಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಿಂದಿನ ಟೈರ್ ಮೇಲೆ 80/100-18 54ಪಿ ಎಂದಿದೆ ಅಂದುಕೊಳ್ಳಿ. 80 ಅಂದರೆ ಟೈರ್ ಅಗಲ ಮಿಲಿಮೀಟರ್‌ನಲ್ಲಿ. 100 ಅಂದರೆ ಆ ಅಗಲದ ನೂರಕ್ಕೆ ನೂರು ಪಾಲು ಎತ್ತರ, ಅಂದರೆ ಎತ್ತರವೂ 80 ಮಿ.ಮೀ. 18 ರಿಮ್‌ನ ವ್ಯಾಸ, ಇಂಚಿನಲ್ಲಿ. 54 ತೂಕದ ಸಂಕೇತ: ಈ ಟೈರ್ ಹೊರಬಹುದಾದ ಗರಿಷ್ಠ ಭಾರ 212 ಕೆ.ಜಿ. ಕೊನೆಯ ಅಕ್ಷರ ವೇಗದ ಮಿತಿ. ಜೆ 100, ಎಲ್ 120, ಪಿ 150, ಎಸ್ 180, ಎಚ್ 210 ಕಿ.ಮೀ.

ತೂಕದ ಸಂಕೇತವನ್ನು ಯಾರೂ ನೋಡುವುದಿಲ್ಲ, ಆದರೆ ಹಳ್ಳಿ ಕಡೆ ಟೈರ್ ಬೇಗ ಹೋಗುವುದು ಇದರಿಂದಲೇ. 40 ಲೀಟರ್‌ನ ಎರಡು ಹಾಲಿನ ಕ್ಯಾನ್ ತುಂಬಿಸಿ ಹಿಂದೆ ನೇತುಹಾಕಿದರೆ ಕ್ಯಾನ್ ತೂಕ ಸೇರಿ 90 ಕೆ.ಜಿ. ಮೇಲಾಗುತ್ತದೆ, ಅದೆಲ್ಲ ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಗಾಡಿಯ ತೂಕದಲ್ಲಿ ಹಿಂದಿನ ಚಕ್ರದ ಪಾಲು 60 ಕೆ.ಜಿ., ಸವಾರನದು ಸುಮಾರು 50 ಎಂದು ಹಿಡಿದರೂ ಒಟ್ಟು 200 ದಾಟುತ್ತದೆ. 212ರ ಮಿತಿಗೆ ಅಲ್ಲಿ ಉಳಿಯುವ ಅಂತರ ಅಷ್ಟೇ. ಅದೂ ಟೈರ್ ಮೇಲೆ ಬರೆದ ಪೂರ್ತಿ ಗಾಳಿ ಇದ್ದಾಗ ಮಾತ್ರ. ಗಾಳಿ ಕಡಿಮೆಯಿದ್ದು ರಸ್ತೆ ಹಂಪ್ ಹಾರಿದರೆ ಒಳಗಿನ ನೈಲಾನ್ ದಾರ ಹರಿದು ಟೈರ್‌ಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಟೈರ್‌ಗೆ ರಿಪೇರಿ ಇಲ್ಲ.

ಇನ್ನು ತಯಾರಾದ ದಿನಾಂಕ. ಒಂದು ಸಣ್ಣ ಚೌಕ ಅಥವಾ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರ, ಅಂದರೆ ಜೂನ್ ಆರಂಭ. ಇದು ಟೈರ್‌ನ ಒಂದೇ ಪಕ್ಕದಲ್ಲಿ ಇರಬಹುದು, ಆ ಕಡೆ ಸಿಗದಿದ್ದರೆ ಈ ಕಡೆ ನೋಡಿ. ಕೊಳ್ಳುವಾಗ ಐಎಸ್‌ಐ ಗುರುತು ಇದೆಯೇ ನೋಡಿ. ದ್ವಿಚಕ್ರ, ತ್ರಿಚಕ್ರ ಟೈರ್‌ಗಳಿಗೆ ಅನ್ವಯವಾಗುವುದು ಐಎಸ್ 15627 ಎಂಬ ಮಾನದಂಡ.

ಆಳ ಅಳೆಯುವುದು

ಟೈರ್ ಪಕ್ಕದಲ್ಲಿ ಟಿಡಬ್ಲ್ಯೂಐ (ಟ್ರೆಡ್ ವೇರ್ ಇಂಡಿಕೇಟರ್, ಅಂದರೆ ಸವೆತದ ಗುರುತು) ಎಂಬ ಅಕ್ಷರಗಳು ಅಥವಾ ಸಣ್ಣ ತ್ರಿಕೋನ ಇರುತ್ತದೆ. ಅಲ್ಲಿಂದ ನೇರ ಮೇಲೆ ಗೆರೆಯೊಳಗೆ ಕಣ್ಣು ಹಾಯಿಸಿದರೆ ತಳದಲ್ಲಿ ಒಂದು ಪುಟ್ಟ ದಿಬ್ಬ ಕಾಣುತ್ತದೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಕಾನೂನಿನ ಲೆಕ್ಕದಲ್ಲೂ ಅದರ ಆಯಸ್ಸು ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ದ್ವಿಚಕ್ರ ವಾಹನಕ್ಕೆ ಹೇಳಿರುವ ಕನಿಷ್ಠ ಆಳ 0.8 ಮಿ.ಮೀ. ಇದು ದಂಡ ತಪ್ಪಿಸಿಕೊಳ್ಳುವ ಮಿತಿ, ಮಳೆಯಲ್ಲಿ ಬ್ರೇಕ್ ಹಿಡಿಯುವ ಮಿತಿ ಅಲ್ಲ. ಮಲೆನಾಡು, ಕರಾವಳಿಯಲ್ಲಿ ಓಡಿಸುವವರು ಹಿಂದಿನ ಟೈರನ್ನು 2 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು, ಬಯಲುಸೀಮೆಯವರು 1.5ರ ತನಕ ಹೋಗಬಹುದು.

ಅಳೆಯಲು ಟ್ರೆಡ್ ಗೇಜ್ ಸಿಕ್ಕರೆ ಸರಿ. ಇಲ್ಲದಿದ್ದರೆ ಬೆಂಕಿಕಡ್ಡಿ ಮತ್ತು ಶಾಲೆಯ ಸ್ಕೇಲು ಸಾಕು. ಕಡ್ಡಿಯ ಮದ್ದಿನ ತುದಿಯನ್ನು ಮುರಿದು, ಮುರಿದ ತುದಿಯನ್ನು ಬ್ಲೇಡಿನಿಂದ ಸಮ ಮಾಡಿ. ಗೆರೆಯೊಳಗೆ ಕಲ್ಲು, ಮಣ್ಣು ಇದ್ದರೆ ತೆಗೆಯಿರಿ. ಕಡ್ಡಿಯನ್ನು ನೆಟ್ಟಗೆ ತಳಕ್ಕೆ ತಾಗಿಸಿ, ರಬ್ಬರ್‌ನ ಮೇಲ್ಮಟ್ಟಕ್ಕೆ ಉಗುರು ಒತ್ತಿ ಗುರುತು ಮಾಡಿ, ಹೊರತೆಗೆದು ಸ್ಕೇಲಿಗೆ ಹಿಡಿಯಿರಿ. ದಿಬ್ಬದ ಮೇಲೆ ಇಡಬೇಡಿ, 0.8 ಮಿ.ಮೀ. ಕಡಿಮೆ ತೋರಿಸುತ್ತದೆ. ನಡುವಿನ ಗೆರೆಯಲ್ಲಿ ಒಂದು ಸಲ, ಎಡಕ್ಕೆ ಒಂದು, ಬಲಕ್ಕೆ ಒಂದು. ಚಕ್ರವನ್ನು ಮೂರನೇ ಒಂದು ಭಾಗ ತಿರುಗಿಸಿ ಮತ್ತೆ ಮೂರು. ಇನ್ನೊಮ್ಮೆ ತಿರುಗಿಸಿ ಮತ್ತೆ ಮೂರು. ಒಟ್ಟು ಒಂಬತ್ತು ಅಂಕಿ ಬರೆದುಕೊಳ್ಳಿ. ಅವುಗಳಲ್ಲಿ ಅತಿ ಚಿಕ್ಕದೇ ನಿಮ್ಮ ಟೈರ್‌ನ ಆಳ. ಸರಾಸರಿ ತೆಗೆದು ಸಮಾಧಾನ ಪಟ್ಟುಕೊಂಡರೆ ಪ್ರಯೋಜನ ಇಲ್ಲ, ಏಕೆಂದರೆ ಮೊದಲು ಜಾರುವುದು ಅತಿ ಹೆಚ್ಚು ಸವೆದ ಜಾಗವೇ.

ಈಗ "ಎಷ್ಟು ಸಾವಿರ" ಎಂಬ ಪ್ರಶ್ನೆಗೆ ನಿಮ್ಮ ಗಾಡಿಯದೇ ಉತ್ತರ ತೆಗೆಯಬಹುದು. ಹೊಸ ಟೈರ್ ಹಾಕಿಸಿದ ದಿನ ಹಿಂದಿನ ಟೈರ್‌ನಲ್ಲಿ 7 ಮಿ.ಮೀ. ಇತ್ತು, 4,000 ಕಿ.ಮೀ. ಆದಮೇಲೆ 5.4 ಇದೆ ಎಂದುಕೊಳ್ಳಿ. ಸವೆದದ್ದು 1.6, ಅಂದರೆ ಸಾವಿರಕ್ಕೆ 0.4 ಮಿ.ಮೀ. 1.5 ಮಿ.ಮೀ.ಗೆ ಬದಲಿಸುವುದಾದರೆ ಇನ್ನುಳಿದದ್ದು 3.9, ಅದನ್ನು 0.4ರಿಂದ ಭಾಗಿಸಿದರೆ ಇನ್ನೂ ಸುಮಾರು 9,700 ಕಿ.ಮೀ. ಹೊಸದಾಗಿ ಎತ್ತರವಿರುವಾಗ ರಬ್ಬರ್‌ನ ತುಂಡುಗಳು ಹೆಚ್ಚು ಅಲುಗಾಡುವುದರಿಂದ ಮೊದಲು ಸ್ವಲ್ಪ ಬೇಗ ಸವೆಯುತ್ತವೆ, ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಈ ಲೆಕ್ಕ ಸಾಮಾನ್ಯವಾಗಿ ತುಸು ಕಡಿಮೆಯನ್ನೇ ಹೇಳುತ್ತದೆ. ಪ್ರತಿ 2,000ಕ್ಕೊಮ್ಮೆ ಅಳೆದು ಸರ್ವಿಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತಾ ಹೋಗಿ.

ಹೋಲಿಸಿ ನೋಡಲು ಒಂದು ಒರಟು ಅಂದಾಜು ಬೇಕೆಂದರೆ: 100–125 ಸಿಸಿ ಗಾಡಿಯ ಗಟ್ಟಿ ರಬ್ಬರ್‌ನ ಹಿಂದಿನ ಟೈರ್ 18ರಿಂದ 25 ಸಾವಿರ, 150–200 ಸಿಸಿಯದು 12ರಿಂದ 18, 350 ಸಿಸಿಯ ಭಾರದ ಗಾಡಿಯದು 10ರಿಂದ 15, ಮೆತ್ತಗಿನ ರಬ್ಬರ್‌ನ ಸ್ಪೋರ್ಟ್ ರೇಡಿಯಲ್ 6ರಿಂದ 10 ಸಾವಿರ. ಮುಂದಿನ ಟೈರ್ ಇದರ ಒಂದೂವರೆಯಿಂದ ಎರಡು ಪಟ್ಟು ಬರುತ್ತದೆ, ಏಕೆಂದರೆ ಎಂಜಿನ್ ಎಳೆಯುವುದೆಲ್ಲ ಹಿಂದಿನದರ ಮೇಲೆ. ನಿಮ್ಮ ಅಂಕಿ ಇದರ ಅರ್ಧಕ್ಕೆ ಬಂದರೆ ಕಂಪನಿಯನ್ನು ಬಯ್ಯುವ ಮೊದಲು ಗಾಳಿ, ಚೈನು, ಬ್ರೇಕ್ ನೋಡಿ. ಹಿಂದಿನ ಡ್ರಮ್ ಬ್ರೇಕ್ ಸದಾ ಸ್ವಲ್ಪ ಹಿಡಿದೇ ಇರುವ ಗಾಡಿಗಳು ಲೆಕ್ಕವಿಲ್ಲದಷ್ಟಿವೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತಾದರೂ ತಾನೇ ತಿರುಗಬೇಕು.

ವಯಸ್ಸು

ಹೆಬ್ಬೆರಳ ಉಗುರನ್ನು ಟೈರ್ ನಡುವೆ ಒತ್ತಿ ನೋಡಿ. ಒಳ್ಳೆಯ ರಬ್ಬರ್‌ನಲ್ಲಿ ಉಗುರು ಸ್ವಲ್ಪ ಇಳಿಯುತ್ತದೆ, ತೆಗೆದಾಗ ಗುರುತು ಮೆಲ್ಲಗೆ ಮಾಯವಾಗುತ್ತದೆ. ವಯಸ್ಸಾದ ಟೈರ್‌ನಲ್ಲಿ ಪ್ಲಾಸ್ಟಿಕ್ ಬಕೆಟ್ ಮೇಲೆ ಒತ್ತಿದಂತೆ ಉಗುರು ಜಾರುತ್ತದೆ. ಆಮೇಲೆ ಗೆರೆಯ ತಳವನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ, ಬೀಡಿಂಗ್ (ರಿಮ್‌ಗೆ ಕೂರುವ ಟೈರ್ ಅಂಚು) ಪಕ್ಕವನ್ನೂ ನೋಡಿ. ಕೂದಲೆಳೆಯಂಥ ಬಿರುಕು ಮೇಲ್ಮೈಯಲ್ಲಷ್ಟೇ ಇದ್ದರೆ ಗಮನ ಇಟ್ಟರೆ ಸಾಕು. ಬಿರುಕಿನೊಳಗೆ ಉಗುರಿನ ತುದಿ ಸಿಕ್ಕಿಕೊಂಡರೆ ಅಥವಾ ಒಳಗಿನ ದಾರ ಕಂಡರೆ ಟೈರ್ ತೆಗೆದುಬಿಡಿ.

ರಬ್ಬರ್ ಗಟ್ಟಿಯಾಗುವುದು ಗಾಳಿಯ ಆಮ್ಲಜನಕದಿಂದ, ಬಿರುಕು ಬಿಡುವುದು ಓಝೋನ್‌ನಿಂದ, ಎರಡನ್ನೂ ಚುರುಕು ಮಾಡುವುದು ಬಿಸಿಲು. ಇದನ್ನು ತಡೆಯಲೆಂದೇ ರಬ್ಬರ್‌ನಲ್ಲಿ ಮೇಣ ಮತ್ತು ಕೆಲವು ರಾಸಾಯನಿಕ ಬೆರೆಸಿರುತ್ತಾರೆ. ಗಾಡಿ ಓಡುತ್ತಿದ್ದರೆ ಟೈರ್ ಬಾಗಿ ಬಳುಕಿ ಅವು ಮೇಲೆ ಬಂದು ತೆಳು ಪೊರೆಯಾಗುತ್ತವೆ. ನಿಂತ ಗಾಡಿಯಲ್ಲಿ ಈ ಪೊರೆ ಹೊಸದಾಗುವುದಿಲ್ಲ. ವಿದೇಶಕ್ಕೆ ಹೋದ ಮಗನ ಬೈಕು ಶೆಡ್ಡಿನಲ್ಲಿ ನಾಲ್ಕು ವರ್ಷ ನಿಂತಿದ್ದರೆ ಮೀಟರ್‌ನಲ್ಲಿ 3,000 ಇದ್ದರೂ ಟೈರ್ ಬಿರುಕು ಬಿಟ್ಟಿರುವುದು ಇದಕ್ಕೇ. ಹೊಸ ಟೈರ್ ಪಕ್ಕದಲ್ಲಿ ಕಾಣುವ ಕಂದು ಛಾಯೆ ಕೊಳೆಯಲ್ಲ, ಹೀಗೆ ಮೇಲೆ ಬಂದ ರಕ್ಷಣೆ. ವಾಟರ್ ವಾಶ್‌ನವರು ಅದನ್ನು ಉಜ್ಜಿ ತೆಗೆದು ಪಾಲಿಶ್ ಹಚ್ಚಿ ಮಿರಮಿರ ಹೊಳೆಸಿ ಕೊಡುತ್ತಾರೆ. ಬೇಡ ಎನ್ನಿ. ಆ ಪಾಲಿಶ್ ನೆಲಕ್ಕೆ ತಾಗುವ ಭಾಗಕ್ಕೆ ಹರಿದರೆ ಮೊದಲ ತಿರುವಿನಲ್ಲೇ ಬೀಳಿಸುತ್ತದೆ. ಚೈನ್ ಸ್ವಚ್ಛ ಮಾಡುವ ಡೀಸೆಲ್, ಸೀಮೆಎಣ್ಣೆಯೂ ಟೈರ್ ಮೇಲೆ ಬೀಳಬಾರದು, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಿಂದೆ ಒಂದು ರಟ್ಟು ಹಿಡಿದು ಕೆಲಸ ಮಾಡಿ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷಿಸಬೇಕು. ಎಷ್ಟೇ ಚೆನ್ನಾಗಿ ಕಂಡರೂ ಹತ್ತಕ್ಕೆ ತೆಗೆಯಲೇಬೇಕು ಎನ್ನುವ ತಯಾರಕರಿದ್ದಾರೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ನೆರಳಿಲ್ಲದೆ ನಿಲ್ಲುವ ಗಾಡಿಗೆ ಹತ್ತು ತುಂಬಾ ಹೆಚ್ಚು. ಐದು-ಆರಕ್ಕೇ ಬದಲಿಸಿ.

ಗಾಳಿ

ಟೈರ್ ಬಾಳಿಕೆಯಲ್ಲಿ ನಿಮ್ಮ ಕೈಯಲ್ಲಿರುವುದು ಹೆಚ್ಚಾಗಿ ಇದೊಂದೇ, ದುಡ್ಡೂ ಖರ್ಚಿಲ್ಲ. ಎಷ್ಟು ಹೊಡೆಸಬೇಕು ಎನ್ನುವುದು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಅಥವಾ ಚೈನ್ ಕವರ್ ಮೇಲಿನ ಸ್ಟಿಕರ್‌ನಲ್ಲಿ ಇರುತ್ತದೆ: ಒಬ್ಬರಿಗೆ ಒಂದು ಅಂಕಿ, ಇಬ್ಬರಿಗೆ ಇನ್ನೊಂದು. ಟೈರ್ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದನ್ನೇ ಹೊಡೆಸುವುದು ತಪ್ಪು. ಸ್ಟಿಕರ್‌ನಲ್ಲಿ ಕೆ.ಜಿ./ಚ.ಸೆಂ.ಮೀ. ಎಂದಿದ್ದರೆ 14.2ರಿಂದ, ಬಾರ್ ಎಂದಿದ್ದರೆ 14.5ರಿಂದ ಗುಣಿಸಿ ಪಿಎಸ್‌ಐ (ಗಾಳಿ ಒತ್ತಡದ ಇನ್ನೊಂದು ಅಳತೆ) ಮಾಡಿಕೊಳ್ಳಿ. 1.75 ಕೆ.ಜಿ. ಅಂದರೆ 25 ಪಿಎಸ್‌ಐ.

ಈ ಅಂಕಿಗಳೆಲ್ಲ ತಣ್ಣಗಿರುವ ಟೈರ್‌ಗೆ. ಗಾಡಿ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್‌ಗಿಂತ ಹೆಚ್ಚು ಓಡಿರಬಾರದು. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ 3–4 ಪಿಎಸ್‌ಐ ಏರಿರುತ್ತದೆ, ಅದು ಸಹಜ. ಬಿಸಿಯಲ್ಲಿ "ಜಾಸ್ತಿ ಇದೆ" ಎಂದು ಬಿಟ್ಟರೆ ಬೆಳಿಗ್ಗೆ ಅಷ್ಟೇ ಕಡಿಮೆಯಾಗಿರುತ್ತದೆ. ಬಂಕ್ ಐದಾರು ಕಿಲೋಮೀಟರ್ ದೂರ ಇದ್ದರೆ ಹೀಗೆ ಮಾಡಿ: ಬೆಳಿಗ್ಗೆ ಮನೆಯಲ್ಲೇ ಸ್ವಂತ ಗೇಜ್ ಹಾಕಿ ನೋಡಿ. 33 ಇರಬೇಕಾದಲ್ಲಿ 29 ಇದ್ದರೆ ಕೊರತೆ 4. ಬಂಕ್‌ಗೆ ಹೋಗಿ ಅಲ್ಲಿನ ಯಂತ್ರ ಏನು ತೋರಿಸುತ್ತದೋ ಅದಕ್ಕೆ 4 ಸೇರಿಸಿ ಹೊಡೆಸಿ. ಅಲ್ಲಿ 31 ತೋರಿಸಿದರೆ 35ಕ್ಕೆ ಸೆಟ್ ಮಾಡಿಸಿ. ಬಿಸಿಯ ತಪ್ಪೂ ಹೋಯಿತು, ಬಂಕ್ ಮೀಟರ್‌ನ ತಪ್ಪೂ ಬಹುಪಾಲು ಹೋಯಿತು.

ಟ್ಯೂಬ್ ಇರುವ ಟೈರ್ ಪಂಕ್ಚರ್ ಇಲ್ಲದೆಯೂ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಹವೆ 10 ಡಿಗ್ರಿ ತಣ್ಣಗಾದರೆ ಇನ್ನೊಂದರಿಂದ ಒಂದೂವರೆ ಇಳಿಯುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 30 ಹೊಡೆಸಿ ಮಂಗಳೂರಿಗೆ ಇಳಿದರೆ, ಹವೆ ಅಷ್ಟೇ ಇದ್ದರೂ ಗೇಜ್ 28.5 ತೋರಿಸುತ್ತದೆ; ಟೈರ್ ಸೋರಿಲ್ಲ, ಹೊರಗಿನ ವಾತಾವರಣದ ಒತ್ತಡ ಹೆಚ್ಚಾಗಿದೆ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಇವೆಲ್ಲ ತಾನಾಗಿ ಸರಿಹೋಗುತ್ತವೆ. ನೈಟ್ರೋಜನ್‌ಗೆ ದುಡ್ಡು ಕೊಡುವುದು ನಿಮ್ಮಿಷ್ಟ. ಮಾಮೂಲಿ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ.

ಗಾಳಿ ಕಡಿಮೆಯಾದರೆ ಟೈರ್ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಕಾಯುತ್ತದೆ, ಹ್ಯಾಂಡಲ್ ಭಾರವಾಗುತ್ತದೆ, ಗುಂಡಿಗೆ ಬಿದ್ದರೆ ರಿಮ್ ಬೆಂಡ್ ಆಗುತ್ತದೆ. ಹೆಚ್ಚಾದರೆ ನೆಲಕ್ಕೆ ತಾಗುವ ಭಾಗ ಕಿರಿದಾಗಿ ನಡುವೆ ಮಾತ್ರ ಸವೆಯುತ್ತದೆ, ಒರಟು ರಸ್ತೆಯಲ್ಲಿ ಚಕ್ರ ಕುಪ್ಪಳಿಸಿ ಬ್ರೇಕ್ ಹಿಡಿಯುವುದಿಲ್ಲ. "ಮೈಲೇಜ್ ಬರುತ್ತೆ" ಎಂದು ಹಿಂದೆ 45 ಹೊಡೆಸುವವರು ಪೆಟ್ರೋಲ್‌ನಲ್ಲಿ ಉಳಿಸಿದ್ದನ್ನು ಟೈರ್‌ಗೆ ಕಟ್ಟುತ್ತಾರೆ.

ಟ್ಯೂಬ್ ಟೈರ್‌ನಲ್ಲಿ ವಾಲ್ವ್ ನೆಟ್ಟಗೆ ನಿಂತಿದೆಯೇ ನೋಡಿ. ಓರೆಯಾಗಿದ್ದರೆ, ಗಾಳಿ ಕಡಿಮೆಯಿದ್ದಾಗ ಟೈರ್ ರಿಮ್ ಮೇಲೆ ಜರುಗಿ ಟ್ಯೂಬನ್ನೂ ಎಳೆದುಕೊಂಡು ಹೋಗಿದೆ ಎಂದರ್ಥ. ಇನ್ನೊಂದಿಷ್ಟು ಎಳೆದರೆ ವಾಲ್ವ್ ಬುಡದಲ್ಲೇ ಕಿತ್ತು ಒಮ್ಮೆಲೇ ಗಾಳಿ ಹೋಗುತ್ತದೆ.

ಸವೆತ ಹೇಳುವ ಕಥೆ

ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ ಪಕ್ಕದಲ್ಲಿ ಹೊಸದರಂತಿದ್ದರೆ ಗಾಡಿ ಹೆಚ್ಚಾಗಿ ನೇರ ಹೆದ್ದಾರಿಯಲ್ಲೇ ಓಡಿದೆ. ತುಮಕೂರು ರಸ್ತೆಯಲ್ಲಿ ದಿನಾ ಹೋಗಿ ಬರುವ ಗಾಡಿಗಳೆಲ್ಲ ಹೀಗೇ. ಇದರ ತೊಂದರೆ ಗೊತ್ತಾಗುವುದು ಘಾಟಿಯಲ್ಲಿ. ದುಂಡಗಿನ ಟೈರ್ ಗಾಡಿಯನ್ನು ಒಂದೇ ಹದದಲ್ಲಿ ವಾಲಿಸುತ್ತದೆ; ಚಪ್ಪಟೆಯಾದದ್ದು ಮೊದಲು ವಾಲಲು ಒಪ್ಪದೆ, ಚಪ್ಪಟೆಯ ಅಂಚು ದಾಟಿದ ಕೂಡಲೇ ದೊಪ್ಪನೆ ಬೀಳುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಹೀಗಾದರೆ ಸವಾರ ಗಾಬರಿಯಾಗಿ ಬ್ರೇಕ್ ಒತ್ತುತ್ತಾನೆ. ಪಕ್ಕದ ಗೆರೆ ಎಷ್ಟೇ ಉಳಿದಿರಲಿ, ನಡುವೆ ಮೂರು ಬೆರಳಗಲ ಚಪ್ಪಟೆಯಾದ ಟೈರ್‌ನಲ್ಲಿ ಘಾಟಿ ಇಳಿಯಬೇಡಿ.

ಬಲಪಕ್ಕ ಹೆಚ್ಚು ಸವೆದಿರುವುದು ನಮ್ಮ ದೇಶದಲ್ಲಿ ಮಾಮೂಲು. ನಾವು ರಸ್ತೆಯ ಎಡಕ್ಕೆ ಓಡಿಸುತ್ತೇವೆ, ನೀರು ಹರಿಯಲೆಂದು ರಸ್ತೆ ಎಡಕ್ಕೆ ಇಳಿಜಾರಾಗಿರುತ್ತದೆ. ಗಾಡಿ ನೆಟ್ಟಗಿದ್ದರೂ ಟೈರ್ ನಡುವಿಗಿಂತ ತುಸು ಬಲಕ್ಕೆ ನೆಲ ತಾಗುತ್ತದೆ. ಬಲ ತಿರುವುಗಳೂ ಎಡ ತಿರುವಿಗಿಂತ ಉದ್ದ. ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಎಡಪಕ್ಕ ಸವೆದಿದ್ದರೆ ಚಕ್ರಗಳು ಒಂದೇ ಸಾಲಿನಲ್ಲಿಲ್ಲ ಎಂದು ಅನುಮಾನಿಸಬೇಕು.

ಅದನ್ನು ನೋಡಲು ಆರು ಮೀಟರ್ ನೈಲಾನ್ ದಾರ ಸಾಕು. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲಿರಲಿ, ಹ್ಯಾಂಡಲ್ ನೇರ ಇರಲಿ. ದಾರದ ನಡುಭಾಗವನ್ನು ಹಿಂದಿನ ಟೈರ್‌ನ ಹಿಂಬದಿಗೆ ಸ್ಟ್ಯಾಂಡ್‌ಗೆ ತಾಗದಷ್ಟು ಎತ್ತರದಲ್ಲಿ ಟೇಪ್ ಹಚ್ಚಿ ಅಂಟಿಸಿ. ಎರಡೂ ತುದಿಗಳನ್ನು ಎಡ-ಬಲದಿಂದ ಮುಂದಕ್ಕೆ ತಂದು ಮುಂದಿನ ಚಕ್ರದ ಆಚೆಗೆ ಎರಡು ಇಟ್ಟಿಗೆಗೆ ಕಟ್ಟಿ ಬಿಗಿಮಾಡಿ. ಈಗ ಇಟ್ಟಿಗೆಗಳನ್ನು ಸರಿಸುತ್ತಾ, ದಾರ ಹಿಂದಿನ ಟೈರ್‌ನ ಮುಂದಿನ ಅಂಚಿಗೆ ತಾಗಿಯೂ ತಾಗದಂತೆ ಎರಡೂ ಕಡೆ ಹೊಂದಿಸಿ. ಮುಂದಿನ ಟೈರ್ ಮತ್ತು ದಾರದ ನಡುವಿನ ಅಂತರ ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಎಡಕ್ಕೆ 14, ಬಲಕ್ಕೆ 8 ಮಿ.ಮೀ. ಹೀಗೆ ಬಂದರೆ ಹಿಂದಿನ ಚಕ್ರ ಓರೆಯಾಗಿದೆ. ಚೈನ್ ಬಿಗಿ ಮಾಡುವಾಗ ಎಡ-ಬಲದ ಅಡ್ಜಸ್ಟರ್‌ಗಳನ್ನು ಸಮವಾಗಿ ತಿರುಗಿಸದೇ ಇರುವುದೇ ಹತ್ತರಲ್ಲಿ ಒಂಬತ್ತು ಸಲ ಕಾರಣ. ಸ್ವಿಂಗ್ ಆರ್ಮ್ ಮೇಲಿನ ಗೀಟುಗಳನ್ನು ಪೂರ್ತಿ ನಂಬಬೇಡಿ, ದಾರವನ್ನು ನಂಬಿ. ಅಡ್ಜಸ್ಟರ್ ಸರಿಮಾಡಿದರೂ ವ್ಯತ್ಯಾಸ ಹೋಗದಿದ್ದರೆ ಚಾಸಿ ಅಥವಾ ಫೋರ್ಕ್ ಬೆಂಡ್ ಆಗಿರಬಹುದು. ಬಿದ್ದ ಗಾಡಿ ಕೊಂಡವರಿಗೆ ಇದು ಮುಖ್ಯ.

ಮುಂದಿನ ಟೈರ್ ಮೇಲೆ ಅಂಗೈ ಆಡಿಸಿ. ಒಂದು ದಿಕ್ಕಿಗೆ ನುಣ್ಣಗೆ, ಎದುರು ದಿಕ್ಕಿಗೆ ಗರಗಸದ ಹಲ್ಲಿನಂತೆ ತಡೆದರೆ ಅದು ಬ್ರೇಕ್‌ನ ಕೆಲಸ: ಬ್ರೇಕ್ ಹಿಡಿದಾಗ ರಬ್ಬರ್ ತುಂಡಿನ ಒಂದು ಅಂಚು ಬಗ್ಗಿ ಉಜ್ಜುತ್ತದೆ. ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಅಲೆಅಲೆಯಾಗಿ ಹಳ್ಳ ಬಿದ್ದಿದ್ದರೆ, 40–60ರಲ್ಲಿ ಹ್ಯಾಂಡಲ್ ನಡುಗಿದರೆ, ಫೋರ್ಕ್ ಆಯಿಲ್ ಸೋರಿದೆಯೇ, ಹ್ಯಾಂಡಲ್ ಬಾಲ್ ರೇಸ್ ಸಡಿಲವಿದೆಯೇ ನೋಡಿಸಿ. ಅದನ್ನು ಬಿಟ್ಟು ಬರೀ ಟೈರ್ ಬದಲಿಸಿದರೆ ಹೊಸದೂ ಹಾಗೇ ಆಗುತ್ತದೆ. ಹಿಂದಿನ ಟೈರ್‌ನಲ್ಲಿ ಒಂದೇ ಕಡೆ ಅಂಗೈಯಗಲ ಸವೆದಿದ್ದರೆ ಯಾರೋ ಹಿಂದಿನ ಬ್ರೇಕ್ ತುಳಿದು ಚಕ್ರ ಲಾಕ್ ಮಾಡಿ ಎಳೆದಿದ್ದಾರೆ.

ಸವೆದ ಟೈರ್‌ಗೆ ಬಿಸಿ ಬ್ಲೇಡಿನಿಂದ ಹೊಸದಾಗಿ ಗೆರೆ ಕೊಯ್ದು ಕೊಡುವವರು ಇನ್ನೂ ಇದ್ದಾರೆ. ಮೋಟಾರ್ ಸೈಕಲ್ ಟೈರ್‌ನಲ್ಲಿ ಗೆರೆಯ ತಳದ ಕೆಳಗೆ ಉಳಿದಿರುವ ರಬ್ಬರ್ ತೀರಾ ತೆಳು, ಅದರ ಕೆಳಗೇ ದಾರ. ಕೊಯ್ದ ಟೈರ್ ಗೆರೆಯಲ್ಲೇ ಸೀಳುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಗೆರೆಯ ಅಂಚು ಚೂಪಾಗಿ, ತಳ ಒರಟಾಗಿ, ಟಿಡಬ್ಲ್ಯೂಐ ದಿಬ್ಬವೇ ಇಲ್ಲದೆ ಕಂಡರೆ ಈ ಕೈಚಳಕ ನಡೆದಿದೆ.

ಹೊಸದು ಕೊಳ್ಳುವಾಗ, ಹಾಕಿಸುವಾಗ

ಗಟ್ಟಿ ರಬ್ಬರ್ ಹೆಚ್ಚು ಬಾಳುತ್ತದೆ, ಕಡಿಮೆ ಹಿಡಿಯುತ್ತದೆ. ಮೆತ್ತಗಿನದು ಇದಕ್ಕೆ ತಿರುಗುಮುರುಗು. ಎರಡೂ ಒಟ್ಟಿಗೆ ಬೇಕೆಂದರೆ ನಡುವೆ ಗಟ್ಟಿ, ಪಕ್ಕಕ್ಕೆ ಮೆತ್ತಗಿನ ರಬ್ಬರ್ ಇರುವ ಟೈರ್‌ಗಳಿವೆ, ಬೆಲೆ ಹೆಚ್ಚು. ದುಡ್ಡು ಒಂದಕ್ಕೇ ಸಾಲುತ್ತದೆ ಎಂದಾದರೆ ಒಳ್ಳೆಯದನ್ನು ಮುಂದಕ್ಕೆ ಹಾಕಿ. ಬ್ರೇಕ್‌ನ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದು, ಹಿಂದಿನದು ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲವೇ ಗತಿ.

"ದಪ್ಪ ಟೈರ್" ಹುಚ್ಚು ಬೇಡ. ಹಾಕಲೇಬೇಕೆಂದರೆ ವ್ಯಾಸದ ಲೆಕ್ಕ ಮಾಡಿ: ಅಗಲ ಗುಣಿಸು ಎತ್ತರದ ಶೇಕಡಾ, ಅದರ ಎರಡು ಪಟ್ಟು, ಜೊತೆಗೆ ರಿಮ್ ಇಂಚು ಗುಣಿಸು 25.4. 100/90-17 ಆದರೆ 180 ಕೂಡಿಸು 431.8, ಒಟ್ಟು 611.8 ಮಿ.ಮೀ. 110/80-17 ಆದರೆ 607.8. ಹೆಚ್ಚು ಕಡಿಮೆ ಒಂದೇ, ರಿಮ್ ಅಗಲ ಒಪ್ಪಿದರೆ ನಡೆಯುತ್ತದೆ. 120/80-17 ಆದರೆ 623.8, ಸ್ಪೀಡೋಮೀಟರ್ ತಪ್ಪುತ್ತದೆ, ಚೈನ್ ಕವರ್‌ಗೆ ಉಜ್ಜಬಹುದು. ಇಕ್ಕಟ್ಟಾದ ರಿಮ್‌ಗೆ ಅಗಲದ ಟೈರ್ ತುರುಕಿದರೆ ಅದರ ಎರಡು ಪಕ್ಕ ಒಳಕ್ಕೆ ಸೆಳೆದು ನಡು ಮೊನಚಾಗುತ್ತದೆ, ನೆಲ ತಾಗುವ ಭಾಗ ಹಿಗ್ಗುವ ಬದಲು ಕುಗ್ಗುತ್ತದೆ.

ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಬೇಕು. ಹಳದಿ ಚುಕ್ಕೆ ಇದ್ದರೆ ಅದು ಟೈರ್‌ನ ಹಗುರ ಭಾಗ, ವಾಲ್ವ್ ಇರುವ ಜಾಗಕ್ಕೇ ಬರಬೇಕು. ಅಂಚಿಗೆ ಸೋಪು ನೀರು ಸಾಕು, ಗ್ರೀಸ್ ಅಥವಾ ಎಂಜಿನ್ ಆಯಿಲ್ ಹಚ್ಚಲು ಬಿಡಬೇಡಿ. ಟ್ಯೂಬ್‌ಲೆಸ್ ಆದರೆ ರಬ್ಬರ್ ವಾಲ್ವನ್ನೂ, ಟ್ಯೂಬ್ ಟೈರ್ ಆದರೆ ಟ್ಯೂಬ್ ಮತ್ತು ರಿಮ್ ಟೇಪನ್ನೂ ಹೊಸದು ಹಾಕಿಸಿ. ಹಳೇ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರ್‌ನಲ್ಲಿ ಮಡಿಕೆ ಬಿದ್ದು ಅಲ್ಲೇ ತೂತಾಗುತ್ತದೆ. ಗಾಳಿ ತುಂಬಿದ ಮೇಲೆ ರಿಮ್ ಪಕ್ಕದಲ್ಲಿ ಟೈರ್ ಸುತ್ತಲೂ ಒಂದು ತೆಳು ಗೀಟು ಕಾಣುತ್ತದೆ. ಅದು ಎಲ್ಲ ಕಡೆ ರಿಮ್‌ನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಮುಳುಗಿದ್ದರೆ ಬೀಡಿಂಗ್ ಕೂತಿಲ್ಲ, ಗಾಳಿ ಬಿಟ್ಟು ಸೋಪು ನೀರು ಹಾಕಿ ಮತ್ತೆ ತುಂಬಿಸಬೇಕೇ ಹೊರತು ಒತ್ತಡ ಏರಿಸುತ್ತಲೇ ಹೋಗಬಾರದು. ಹಲವು ಟೈರ್‌ಗಳ ಮೇಲೆ ಈ ಮಿತಿ 40 ಪಿಎಸ್‌ಐ ಎಂದು ಬರೆದೇ ಇರುತ್ತದೆ. ಚಕ್ರ ಹಾಕಿದ ಮೇಲೆ, ಹೊರಡುವ ಮೊದಲು, ಡಿಸ್ಕ್ ಬ್ರೇಕ್ ಲಿವರ್ ನಾಲ್ಕೈದು ಸಲ ಒತ್ತಿ. ಚಕ್ರ ತೆಗೆದಾಗ ಪಿಸ್ಟನ್ ಹಿಂದೆ ಸರಿದಿದ್ದರೆ ಮೊದಲ ಸಲ ಒತ್ತಿದಾಗ ಬ್ರೇಕ್ ಇರುವುದೇ ಇಲ್ಲ.

ಮೊದಲ 150 ಕಿಲೋಮೀಟರ್ ಮೆಲ್ಲಗೆ. ಹೊಸ ಟೈರ್ ಮೇಲ್ಮೈ ಅಚ್ಚಿನಿಂದ ಬಂದಂತೆ ನುಣುಪಾಗಿರುತ್ತದೆ. ನೇರ ಓಡಿಸಿದರೆ ನಡು ಮಾತ್ರ ಪಳಗುತ್ತದೆ, ದಿನ ಹೋದಂತೆ ಸ್ವಲ್ಪಸ್ವಲ್ಪವೇ ಹೆಚ್ಚು ವಾಲಿಸುತ್ತಾ ಪಕ್ಕವನ್ನೂ ಪಳಗಿಸಿ. ಮಳೆಗಾಲಕ್ಕೆ ಟೈರ್ ಬದಲಿಸುವವರು ಮೇ ತಿಂಗಳಲ್ಲೇ ಬದಲಿಸಿದರೆ ಈ ಕೆಲಸ ಒಣ ರಸ್ತೆಯಲ್ಲೇ ಮುಗಿಯುತ್ತದೆ.

ಪಂಕ್ಚರ್, ಮಳೆ

ಟ್ಯೂಬ್‌ಲೆಸ್‌ನಲ್ಲಿ ಮೊಳೆ ಕಂಡ ಕೂಡಲೇ ಕೀಳಬೇಡಿ, ಅದೇ ಬಿರಡೆ. ಅಂಗಡಿ ತಲುಪುವವರೆಗೆ ಇರಲಿ. ನೆಲ ತಾಗುವ ಭಾಗದಲ್ಲಿ 6 ಮಿ.ಮೀ. ಒಳಗಿನ ತೂತಿಗೆ ರಿಪೇರಿ ನಡೆಯುತ್ತದೆ. ಭುಜದಲ್ಲಿ (ನೆಲ ತಾಗುವ ಭಾಗ ಪಕ್ಕಕ್ಕೆ ತಿರುಗುವ ಅಂಚು), ಪಕ್ಕದಲ್ಲಿ ಆದರೆ ಟೈರೇ ಬದಲಿಸಬೇಕು, ಏಕೆಂದರೆ ಆ ಭಾಗ ಬಾಗುತ್ತಲೇ ಇರುವುದರಿಂದ ಬತ್ತಿ ನಿಲ್ಲುವುದಿಲ್ಲ. ಹೊರಗಿನಿಂದ ತೂರಿಸುವ ಬತ್ತಿ ತಾತ್ಕಾಲಿಕ. ಟೈರ್ ಬಿಚ್ಚಿ ಒಳಗಿನಿಂದ ಹಾಕುವ ಅಣಬೆಯಾಕಾರದ ಪ್ಯಾಚ್ ಗಟ್ಟಿ, ಒಳಗೆ ದಾರ ಹರಿದಿದೆಯೇ ಎಂಬುದೂ ಆಗ ಗೊತ್ತಾಗುತ್ತದೆ. ಪಂಕ್ಚರ್ ಆದ ಟೈರ್‌ನಲ್ಲಿ ಗಾಳಿ ಇಲ್ಲದೆ ಒಂದೆರಡು ಕಿಲೋಮೀಟರ್ ಓಡಿಸಿದ್ದರೆ ಒಳಗೆ ಕೈ ಹಾಕಿ ನೋಡಿ. ಕಪ್ಪು ರಬ್ಬರ್ ಪುಡಿ ಸಿಕ್ಕರೆ ಪಕ್ಕದ ಗೋಡೆ ಒಳಗೇ ಅರೆದುಹೋಗಿದೆ, ತೂತು ಮುಚ್ಚಿ ಫಲವಿಲ್ಲ.

2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಬೋಳು ಟೈರ್‌ಗೆ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಮೊದಲ ಮಳೆ ಬಿದ್ದಾಗ ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನೊಂದಿಗೆ ಲೋಳೆಯಾಗುತ್ತದೆ. ಒಂದು ಗಂಟೆ ಜೋರಾಗಿ ಸುರಿದು ತೊಳೆದುಹೋಗುವ ತನಕ ಕಾಯುವುದು ಲೇಸು. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಕಬ್ಬಿಣದ ಜೋಡಣೆ, ರೈಲ್ವೆ ಕ್ರಾಸಿಂಗ್ ಹಳಿ, ಇವುಗಳ ಮೇಲೆ ಹೊಸ ಟೈರ್ ಕೂಡ ಜಾರುತ್ತದೆ. ಅಲ್ಲಿ ಗಾಡಿ ನೆಟ್ಟಗಿರಲಿ, ಬ್ರೇಕ್ ಅದಕ್ಕೂ ಮುಂಚೆಯೇ ಹಿಡಿದು ಬಿಟ್ಟಿರಲಿ. ಮಳೆಗಾಲಕ್ಕೆಂದು ಗಾಳಿ ಇಳಿಸುವ ಅಭ್ಯಾಸವನ್ನೂ ಬಿಡಿ. ಸರಿಯಾದ ಒತ್ತಡದಲ್ಲಿ ಗೆರೆಗಳು ತೆರೆದೇ ಇದ್ದು ನೀರನ್ನು ಹೊರಹಾಕುತ್ತವೆ, ಗಾಳಿ ಕಡಿಮೆಯಾದರೆ ಅವು ಮುಚ್ಚಿಕೊಂಡು ಟೈರ್ ನೀರಿನ ಮೇಲೇ ತೇಲುತ್ತದೆ.